ಮಾತ್ರೆ ಕವರಿನ ಎಳೆಗಳು

ಔಷಧಿ ಅಂಗಡಿಯವರು ಮಾತ್ರೆ ಹಾಕಿಕೊಡುವ ಕಂದು ಕಾಗದದ ಪುಟ್ಟ ಕವರು ನಿಮ್ಮ ಮನೆಯಲ್ಲೂ ಇದ್ದೀತು. ಅಂಗೈಯಗಲದ್ದು. ಬೆಳಿಗ್ಗೆ ಒಂದು, ಮಧ್ಯಾಹ್ನ ಸೊನ್ನೆ, ರಾತ್ರಿ ಒಂದು ಎಂದು ಅದರ ಮೇಲೆ ಪೆನ್ನಿನಲ್ಲಿ ಗೀಚಿರುತ್ತಾರೆ. ಮಾತ್ರೆ ಮುಗಿದ ಮೇಲೆ ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನಾವು ಇಟ್ಟುಕೊಂಡಿದ್ದೇವೆ. ಮೊನ್ನೆ ಥರ್ಮಾಮೀಟರ್ ಹುಡುಕುತ್ತ ಬೀರುವಿನ ತಳದ ಖಾನೆಗೆ ಕೈ ಹಾಕಿದಾಗ ನನ್ನ ಹಳೆಯ ಕ್ಯಾನ್ವಾಸ್ ಶೂಗಳ ಡಬ್ಬ ಸಿಕ್ಕಿತು. ಅದರ ತುಂಬ ಈ ಕವರುಗಳೇ. ಅಲ್ಲೇ ನೆಲಕ್ಕೆ ಕುಕ್ಕರುಬಡಿದು ಒಂದೊಂದೇ ನೋಡುತ್ತ ಕೂತವನಿಗೆ ಜ್ವರ ಬಂದದ್ದು ಯಾರಿಗೆ ಎಂಬುದೇ ಮರೆತುಹೋಯಿತು. ಜ್ವರ ನನಗೇ ಬಂದಿತ್ತು.

ನಾನು ಹೊಸನಗರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಊರಿನವರ ಬಾಯಲ್ಲಿ ಪೀಟಿ ಮೇಷ್ಟ್ರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು “ಸಾಲು ನೆಟ್ಟಗೆ!” ಎಂದು ಕೂಗಿಯೇ ಅನ್ನ ತಿಂದವನು. ಆದರೆ ಕೈಗೆ ಪೆನ್ಸಿಲ್ ಕೊಟ್ಟರೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು. ಇದು ಹುಟ್ಟುಗುಣ. ನನ್ನ ಹುಟ್ಟೂರು ಮೇಳಿಗೆಯಲ್ಲಿ ಓದುತ್ತಿದ್ದಾಗ ಡ್ರಾಯಿಂಗ್ ಪರೀಕ್ಷೆಗೆ ಹಸುವಿನ ಚಿತ್ರ ಬರೆಯಲು ಹೇಳಿದ್ದರು. ನಾನು ನಾಲಿಗೆ ಕಚ್ಚಿಕೊಂಡು ಒಂದು ಗಂಟೆ ಬರೆದೆ. ಮೇಷ್ಟ್ರು ಹಾಳೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿ, “ಮಂಚ ಚೆನ್ನಾಗಿ ಬಂದಿದೆ ಕಣೋ, ಮಲಗಿರೋದು ಯಾರು?” ಎಂದರು. ಅವತ್ತಿನಿಂದ ನಾನು ಮೈದಾನದ ಕಡೆ ಮುಖ ಮಾಡಿದವನು ತಿರುಗಿ ನೋಡಲಿಲ್ಲ.

ಮೈದಾನದಲ್ಲೂ ಗೆರೆ ನನ್ನನ್ನು ಬಿಡಲಿಲ್ಲ. ಕಬಡ್ಡಿ ಅಂಕಣಕ್ಕೆ ಸುಣ್ಣ ತರಲು ಗತಿಯಿರಲಿಲ್ಲ. ಅವ್ವನ ಬಚ್ಚಲ ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲೂ ಉಳಿಸದೆ ಹೊತ್ತೊಯ್ದು ಗೆರೆ ಹಾಕುತ್ತಿದ್ದೆ. ನಾನು ಹಾಕಿದ ಅಂಕಣ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಮೋಸ ಮಾಡಿದೆನೆಂದು ಎದುರು ಪಾಳಯದವರು ಹೊಡೆಯಲು ಬರುತ್ತಿದ್ದರು. ಮೋಸ ಮಾಡುವಷ್ಟು ಕೈಚಳಕ ನನಗಿಲ್ಲ ಎಂದರೆ ನಂಬುತ್ತಿರಲಿಲ್ಲ. ಆಮೇಲೆ ಎರಡು ಗೂಟ ನೆಟ್ಟು, ಹಗ್ಗ ಬಿಗಿದು, ಅದರ ಗುಂಟ ಗೆರೆ ಹಾಕುವುದನ್ನು ಕಲಿತೆ, ಬದುಕಿಕೊಂಡೆ. ಇವತ್ತಿಗೂ ಓಟದ ಟ್ರ್ಯಾಕಿಗೆ ನನ್ನ ಬಂಡವಾಳ ಇಷ್ಟೆ: ಹಗ್ಗ, ಗೂಟ, ಒಂದು ಚೀಲ ಸುಣ್ಣದ ಪುಡಿ. ಈ ಸುಣ್ಣವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆಯುವುದು ಇದೇ.

ಇಂಥವನನ್ನು ಕಟ್ಟಿಕೊಂಡವಳು ಗಿರಿಜಾ. ಅವಳ ತವರು ಸಾಗರದ ಹತ್ತಿರದ ಒಂದು ಹಳ್ಳಿ. ಆ ಕಡೆಯ ಹೆಂಗಸರು ಚಿತ್ತಾರ ಬರೆಯುವವರು. ಮದುವೆ ಬಂದರೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆ ಬಂದರೆ ಬುಟ್ಟಿಯ ಮೇಲೆ. ಭೂಮಿ ಹುಣ್ಣಿಮೆ ಎಂದರೆ ಗದ್ದೆಯ ಪೈರು ತೆನೆ ಹೊರಬೀಳುವ ಮೊದಲು ಹೊಡೆ ತುಂಬಿ ನಿಂತ ಹೊತ್ತು. ಆಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಕೊಡಬೇಕಲ್ಲ, ಅದನ್ನು ಹೊರುವ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಸವರಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿಯ ನಾರು. ಒಂದೊಂದು ಗೆರೆಯೂ ಕೂದಲೆಳೆಯಷ್ಟು ಸಪುರ, ಅದಕ್ಕೇ ಅದರ ಹೆಸರು ಎಳೆ. ನಮ್ಮ ಮೇಳಿಗೆಯ ಮನೆಯಲ್ಲೂ ಹುಣ್ಣಿಮೆಗೆ ಬುಟ್ಟಿ ಇತ್ತು. ನಾಲ್ಕು ಚುಕ್ಕೆ ಇಟ್ಟರೆ ನಮ್ಮ ಕಲೆ ಮುಗಿಯುತ್ತಿತ್ತು. ಮದುವೆಯಾದ ವರ್ಷ ಗಿರಿಜಾಳ ಬುಟ್ಟಿ ನೋಡಿ ನಾನು, “ಇದು ಎಲ್ಲಿ ಪ್ರಿಂಟ್ ಹಾಕ್ಸಿದ್ದು?” ಎಂದು ಕೇಳಿದ್ದೆ. ಅತ್ತೆ ಚೌಡಮ್ಮ ಅದನ್ನು ಇನ್ನೂ ಊರವರಿಗೆ ಹೇಳಿ ನಗುತ್ತಾರೆ.

ಅತ್ತೆಗೆ ಕಣ್ಣು ಮಂಜಾದ ಮೇಲೆ ಆ ಮನೆಯ ಬುಟ್ಟಿ ಗಿರಿಜಾಳದೇ ಆಯಿತು. ಅವಳು ಒಬ್ಬಳೇ ಮಗಳು. ಪ್ರತಿ ವರ್ಷ ದಸರಾ ರಜೆ ಶುರುವಾಗುತ್ತಲೂ ನಾವಿಬ್ಬರೂ ಅಲ್ಲಿಗೆ ಹೋಗುವುದು, ಅವಳು ಬುಟ್ಟಿ ಬರೆಯುವುದು, ಮಾವ ತೀರಿಕೊಂಡದ್ದರಿಂದ ಹುಣ್ಣಿಮೆಯ ದಿನ ಬುಟ್ಟಿಯನ್ನು ನಾನು ಹೊರುವುದು. ಬರೆಯಲು ಬಾರದವನಿಗೆ ಹೊರುವ ಕೆಲಸ, ನ್ಯಾಯವಾಗಿಯೇ ಇತ್ತು.

ಮೂರು ವರ್ಷದ ಹಿಂದೆ ಯುಗಾದಿಯ ಹಿಂದಿನ ವಾರ ಗಿರಿಜಾಳ ಕೈಯಿಂದ ನೀರಿನ ಚೊಂಬು ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಲಕ್ವ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಬಂದೆವು. ಮಾತು ಉಳಿಯಿತು, ಒಂದೆರಡು ತಿಂಗಳಲ್ಲಿ ಕಾಲೂ ಬಂತು. ಬಲಗೈ ಮಾತ್ರ ಬಾರಲಿಲ್ಲ. ಮಡಿಲಲ್ಲಿ ಇಟ್ಟರೆ ಇಟ್ಟಲ್ಲೇ ಬಿದ್ದಿರುತ್ತಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ. ಅಷ್ಟು ಮಾತಾಡುತ್ತಿದ್ದವಳ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ದಿನ ಅತ್ತೆ ಫೋನ್ ಮಾಡಿದ್ದರು. ಗಿರಿಜಾ ಇದ್ದಕ್ಕಿದ್ದಂತೆ, “ಅಮ್ಮಾ, ಈ ಸಲ ಬುಟ್ಟೀನ ಬೇರೆ ಯಾರ ಹತ್ರ ಆದ್ರೂ ಬರೆಸ್ಕ. ನನ್ನ ಕೈ ಹೋತು” ಎಂದಳು. ಆ ಕಡೆಯಿಂದ ಅತ್ತೆ, “ಬೇರೆ ಕೈ ಎಂತಕ್ಕೆ? ನೀ ಬರೆದ್ರೆ ಬರಿ, ಇಲ್ದಿದ್ರೆ ಬರೀ ಬುಟ್ಟಿನೇ ಹೋಗ್ಲಿ ಗದ್ದೆಗೆ” ಎಂದು ಫೋನ್ ಇಟ್ಟುಬಿಟ್ಟರು. ಅತ್ತೆಯ ಹಟ ನಮಗೆ ಗೊತ್ತಿದ್ದದ್ದೇ. ಚಿತ್ತಾರವಿಲ್ಲದ ಬುಟ್ಟಿ ಆ ಮನೆಯಿಂದ ಯಾವತ್ತೂ ಹೊರಬಿದ್ದಿರಲಿಲ್ಲ. ಅವತ್ತು ಗಿರಿಜಾ ಗೋಡೆಯ ಕಡೆ ತಿರುಗಿ ಅತ್ತಳು, ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ.

ವಾರಕ್ಕೊಮ್ಮೆ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಯ ಫಿಸಿಯೋಥೆರಪಿ ಮೇಡಂ ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆ ಮಾತ್ರ ದೊಡ್ಡದು. “ದಿನಾ ಬೆರಳು ಆಡಿಸ್ಬೇಕು ಸರ್, ಮನೇಲಿ ನೀವೇ ಮಾಡಿಸಿ” ಎಂದರು. ಮಾಡಿಸುವುದು ಎಂದ ಕೂಡಲೇ ನನ್ನೊಳಗಿನ ಪೀಟಿ ಮೇಷ್ಟ್ರು ಎದ್ದು ನಿಂತ. ಮರುದಿನ ಬೆಳಿಗ್ಗೆ ಶಾಲೆಯಿಂದ ಟೆನಿಕಾಯ್ಟ್ ಆಟದ ರಬ್ಬರ್ ರಿಂಗ್ ತಂದು ಅವಳ ಕೈಗೆ ಕೊಟ್ಟು, ಕೊರಳಲ್ಲಿದ್ದ ಸೀಟಿ ಊದಿ, “ಹಿಡಿ! ಒಂದ್, ಎರಡ್, ಬಿಡು! ಒಂದ್, ಎರಡ್!” ಎಂದು ಶುರುಮಾಡಿದೆ. ಆ ಹೊತ್ತಿಗೆ ಅದು ತಪ್ಪು ಎಂದು ನನಗೆ ಒಂದು ಚೂರೂ ಅನಿಸಲಿಲ್ಲ. ಎರಡನೆಯ ಸೀಟಿಗೆ ಗಿರಿಜಾ ಎಡಗೈಯಲ್ಲಿ ರಿಂಗ್ ಎತ್ತಿ ನನ್ನ ಮುಖಕ್ಕೇ ಎಸೆದಳು.

“ನಾನೆಂತ ನಿಮ್ ಎಂಟನೇ ಕ್ಲಾಸಿನ ಹುಡುಗೀನಾ? ಹೊರಗೆ ಹೋಗಿ ಊದಿ” ಎಂದಳು.

ಹೊರಗೆ ಹೋದೆ. ಗುರಿ ಮಾತ್ರ ಚೆನ್ನಾಗಿತ್ತು ಎಂದು ಹಣೆ ಸವರಿಕೊಂಡೆ.

ಅದೇ ದಿನ ಮಧ್ಯಾಹ್ನ ಒಂದು ಮಾತ್ರೆ ಕವರು ಖಾಲಿಯಾಯಿತು. ಬೇರೆ ಕೆಲಸವಿರಲಿಲ್ಲ, ಜೇಬಿನಲ್ಲಿ ಪೆನ್ನಿತ್ತು. ಕಿಟಕಿಯಾಚೆ ಪಕ್ಕದ ಮನೆಯ ಹೇಂಟೆ ಮಣ್ಣು ಕೆದರುತ್ತಿತ್ತು. ಸುಮ್ಮನೆ ಅದನ್ನು ಕವರಿನ ಮೇಲೆ ಬರೆಯತೊಡಗಿದೆ. ಬರೆಯುವಾಗ ಸ್ವಲ್ಪ ಹಗುರವೆನಿಸಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ದಿನದಲ್ಲಿ ಹತ್ತು ನಿಮಿಷ ನಾನು ಆಸ್ಪತ್ರೆಯ ಯೋಚನೆ ಬಿಟ್ಟು ಒಂದು ಕೋಳಿಯ ಕಾಲಿನ ಯೋಚನೆ ಮಾಡಿದ್ದೆ. ಮುಗಿದ ಮೇಲೆ ನೀರಿನ ಲೋಟಕ್ಕೆ ಒರಗಿಸಿ ಇಟ್ಟೆ. ಸಂಜೆ ಹೊರಳಿದ ಗಿರಿಜಾ ಅದನ್ನು ನೋಡಿ, “ಇದೆಂತ, ಬಕೀಟಾ?” ಎಂದಳು.

ಬೆಳಗಿನ ಬೈಗುಳ ಬಿಟ್ಟರೆ, ವಾರದಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. “ಹೇಂಟೆ” ಎಂದೆ. “ಹೇಂಟೆಗೆ ಹಿಡಿಕೆ ಎಂತಕ್ಕೆ?” ಎಂದಳು. ಅದು ಬಾಲ.

ಮರುದಿನ ಇನ್ನೊಂದು ಕವರು, ಇನ್ನೊಂದು ಚಿತ್ರ. ಬೆಕ್ಕು ಬರೆದರೆ ಹಲಸಿನಕಾಯಿ ಎಂದಳು, ಬಸ್ಸು ಬರೆದರೆ ಬ್ರೆಡ್ ಎಂದಳು. ದಿನಕ್ಕೊಂದು, ಊಟ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಕವರು ಸಾಲದೆ ಬಂದಾಗ ಔಷಧಿ ಅಂಗಡಿಗೆ ಹೋಗಿ ಖಾಲಿ ಕವರು ಕೇಳಿದೆ. ಅಂಗಡಿಯವರು ಗಾಬರಿಯಿಂದ, “ಮಾತ್ರೆ ಬ್ಯಾಡ್ವಾ ಮೇಷ್ಟ್ರೇ?” ಎಂದರು. ವಿಷಯ ಹೇಳಿದ ಮೇಲೆ ಒಂದು ಕಟ್ಟು ಎತ್ತಿ ಕೊಟ್ಟು, “ಚಿತ್ರದ ಹಿಂದೆ ಎಷ್ಟು ಹೊತ್ತಿಗೆ ಅಂತ ಬರೀಲಾ?” ಎಂದು ನಕ್ಕರು.

ಹೀಗೆ ತಿಂಗಳು ಕಳೆಯಿತು. ಒಂದು ದಿನ ಬರೆಯಲು ಏನೂ ಹೊಳೆಯದೆ, ಮೊಬೈಲಿನಲ್ಲಿದ್ದ ಹಳೆಯ ಬುಟ್ಟಿಯ ಫೋಟೋ ನೋಡಿಕೊಂಡು ಚಿತ್ತಾರದ ಏಣಿ ಬರೆದೆ. ಏಣಿ ಎಂದರೆ ಎರಡು ಉದ್ದ ಎಳೆ, ನಡುವೆ ಅಡ್ಡ ಎಳೆ. ಚಿತ್ತಾರದಲ್ಲಿ ಅದಕ್ಕಿಂತ ಸುಲಭದ್ದಿಲ್ಲ. ಗಿರಿಜಾ ಅದನ್ನು ನೋಡಿದಳು. ಈ ಸಲ ನಗಲಿಲ್ಲ. ಕಣ್ಣು ಕಿರಿದು ಮಾಡಿದಳು, ಮುಖ ಕೆಂಪಗಾಯಿತು.

“ಏಣಿ ಹಿಂಗೆ ಎಳಿತಾರಾ? ಇದ್ರ ಮೇಲೆ ಹತ್ತಿದ್ರೆ ಸೊಂಟ ಮುರಿತದೆ. ಕೊಡಿ ಇಲ್ಲಿ.”

ಕೊಟ್ಟೆ. ಎಡಗೈಯಲ್ಲಿ ಪೆನ್ನು ಹಿಡಿದಳು, ಸರಿಬರಲಿಲ್ಲ. ಎಡಗೈಯಿಂದಲೇ ಬಲಗೈಯನ್ನು ಎತ್ತಿ ಕವರಿನ ಮೇಲೆ ಇಟ್ಟುಕೊಂಡಳು. ಬೆರಳ ನಡುವೆ ಪೆನ್ನು ಸಿಕ್ಕಿಸಿಕೊಂಡಳು. ನನ್ನ ಸೊಟ್ಟ ಗೆರೆಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಗೆರೆ ಬಿತ್ತು. ಪೆನ್ನು ಜಾರಿ ಕೆಳಗೆ ಬಿತ್ತು. ನಾನು ಎತ್ತಿ ಕೊಟ್ಟೆ. ಆ ಕವರು ಈಗ ಡಬ್ಬದಲ್ಲಿ ಎಲ್ಲಕ್ಕಿಂತ ಮೇಲಿದೆ.

ಆಮೇಲೆ ಇದು ಊರಲ್ಲಿ ಸುದ್ದಿಯಾಯಿತು. “ಬೇಕಂತಲೇ ಸೊಟ್ಟ ಬರೆದು ಅವರ ಕೈ ಎತ್ತಿಸಿದ್ರಂತಲ್ಲ, ಎಂಥ ಉಪಾಯ ಮೇಷ್ಟ್ರೇ!” ಎಂದು ಹೊಗಳುವವರು ಹೊಗಳಿದರು. ನಾನು ಬುದ್ಧನ ಹಾಗೆ ನಕ್ಕು ಸುಮ್ಮನಾದೆ. ನಿಮ್ಮ ಹತ್ತಿರ ನಿಜ ಹೇಳುತ್ತೇನೆ: ಒಂದು ಗೆರೆಯನ್ನೂ ಬೇಕೆಂದು ಸೊಟ್ಟ ಬರೆದಿಲ್ಲ. ಎಲ್ಲ ಪ್ರಾಮಾಣಿಕ ಪ್ರಯತ್ನ.

ಅಲ್ಲಿಂದ ಕವರಿಗೆ ಇಬ್ಬರು ಯಜಮಾನರು. ಮೊದಲು ನನ್ನ ಗೆರೆ, ಪಕ್ಕದಲ್ಲಿ ಅವಳ ತಿದ್ದುಪಡಿ. ಮಳೆಗಾಲ ಹಿಡಿಯುವ ಹೊತ್ತಿಗೆ ಅತ್ತೆ ಬಸ್ಸಿನವರ ಕೈಯಲ್ಲಿ ಪುಂಡಿ ನಾರಿನ ಕುಂಚ ಕಳಿಸಿದರು. ಆದರೆ ಅದು ಪೆನ್ನಿಗಿಂತ ಸಣ್ಣ, ಗಿರಿಜಾಳ ಬೆರಳಿಗೆ ಸಿಗದು. ತೀರ್ಥಹಳ್ಳಿಯ ಮೇಡಂ, “ಹಿಡಿಯೋ ಜಾಗ ದಪ್ಪ ಮಾಡಿ ಸರ್” ಎಂದರು. ದಪ್ಪ ಮಾಡುವುದು ನನ್ನ ಇಲಾಖೆ. ಶಾಲೆಯ ಮುರಿದ ಕ್ರಿಕೆಟ್ ಬ್ಯಾಟಿನಿಂದ ಹಸಿರು ರಬ್ಬರ್ ಗ್ರಿಪ್ ಬಿಚ್ಚಿ, ತುಂಡು ಮಾಡಿ, ಕುಂಚದ ಬುಡಕ್ಕೆ ಬಿಗಿಯಾಗಿ ಸುತ್ತಿದೆ. ಗಿರಿಜಾ ಹಿಡಿದು ನೋಡಿದಳು. ಜಾರಲಿಲ್ಲ. “ಪರವಾಗಿಲ್ಲ, ನಿಮ್ಮಿಂದಲೂ ಒಂದು ಉಪಯೋಗ ಆತು” ಎಂದಳು. ಜಿಲ್ಲಾ ಮಟ್ಟದ ಕಪ್ ಗೆದ್ದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ದಸರಾ ರಜೆ ಬಂತು. ಸಾಗರದ ಬಸ್ಸು ಹತ್ತಿದೆವು. ಹಸಿರು ಗ್ರಿಪ್ಪಿನ ಕುಂಚವನ್ನು ಅತ್ತೆ ಕಣ್ಣಿನ ಹತ್ತಿರ ಹಿಡಿದು, ಬೆರಳಲ್ಲಿ ಸವರಿ, “ಇದ್ರಲ್ಲಿ ಬರೀತಾಳಾ, ಬಡೀತಾಳಾ?” ಎಂದರು. ಮರುದಿನದಿಂದ ಗಿರಿಜಾ ಬುಟ್ಟಿಯ ಮುಂದೆ ಕೂತಳು. ಮೊದಲಾದರೆ ಎರಡು ದಿನದ ಕೆಲಸ. ಈಗ ಒಂದು ದಿನಕ್ಕೆ ನಾಲ್ಕೈದು ಎಳೆ ಎಳೆದರೆ ಹೆಚ್ಚು. ಎಳೆದು ಕೈ ಇಳಿಬಿಟ್ಟು ಸುಧಾರಿಸಿಕೊಳ್ಳಬೇಕು. ಒಂಬತ್ತು ದಿನ ಕಳೆದರೂ ಅರ್ಧ ಬುಟ್ಟಿ ಕೆಂಪಗೇ ಉಳಿದಿತ್ತು. ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ನಾನು ಒಳಗೂ ಹೊರಗೂ ಓಡಾಡಿದೆ. ಗೆರೆ ಮುಟ್ಟುವ ಮೊದಲು ಸುಸ್ತಾಗುವ ಓಟಗಾರರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆ ಮಧ್ಯಾಹ್ನ ಗಿರಿಜಾ ಊಟ ಮಾಡಿ ಮಲಗಿದ್ದಳು. ಅತ್ತೆ ಸೊಪ್ಪು ಕೊಯ್ಯಲು ಹೋಗಿದ್ದರು. ನನ್ನ ಕಿಟ್ ಬ್ಯಾಗಿನಲ್ಲಿ ಕ್ರೀಡಾಕೂಟಕ್ಕೆ ತಂದು ಉಳಿದ ಸುಣ್ಣದ ಪುಡಿ ಇತ್ತು. ಕಲಸಿದೆ. ದಾರ ಅದ್ದಿದೆ. ಬುಟ್ಟಿಯ ಸುತ್ತ ಬಿಗಿದು ಕಟ್ಟಿ, ಕಬಡ್ಡಿ ಅಂಕಣದ ಹಾಗೆ ಒಂದು ಗೆರೆ ಮೂಡಿಸಿದೆ. ಆಮೇಲೆ ಇನ್ನೊಂದು, ಮತ್ತೊಂದು. ಏನು ಗೆರೆ ಅಂತೀರಿ! ನನ್ನ ಜೀವಮಾನದಲ್ಲಿ ಅಷ್ಟು ನೆಟ್ಟಗಿನ ಗೆರೆ ನಾನು ಎಳೆದಿರಲಿಲ್ಲ. ಕೆಳಗಿನ ಅಂಚು ಪೂರ್ತಿ ತುಂಬಿಸಿ, ದೂರ ನಿಂತು ಮೊಬೈಲಿನಲ್ಲಿ ಒಂದು ಫೋಟೋ ಕೂಡ ತೆಗೆದುಕೊಂಡೆ.

ಅತ್ತೆ ಬಂದರು. ಕಣ್ಣಿಗೆ ಕಾಣದಿದ್ದರೂ ಮೂಗಿಗೆ ತಿಳಿಯಿತು. ದಿನಕ್ಕೆ ಹತ್ತು ಸಲ ಎಲೆಯಡಿಕೆ ಹಾಕುವ ಬಾಯಿ ಅದು. ಬೆರಳ ತುದಿಯಲ್ಲಿ ಗೆರೆ ಮುಟ್ಟಿ ನಾಲಿಗೆಗೆ ತಾಗಿಸಿದರು.

“ಅಳಿಯಂದ್ರೇ, ಇದು ಎಲೆಗೆ ಹಚ್ಚೋ ಸುಣ್ಣ ಅಲ್ದಾ?”

“ಅಲ್ಲ ಅತ್ತೆ, ಟ್ರ್ಯಾಕಿಗೆ ಹಾಕೋದು.”

ಅತ್ತೆ ಸೊಪ್ಪಿನ ಕಟ್ಟು ಕೆಳಗಿಟ್ಟರು. “ಬಸುರಿಗೆ ಊಟ ಹೊರೋ ಬುಟ್ಟಿ ಮಾರಾಯ್ರೆ ಇದು. ಉಣ್ಣೋ ಅಕ್ಕೀಲೇ ಬರೀಬೇಕು ಅಂತ ಮಾಡಿದ್ದು ಎಂತಕ್ಕೆ ಅಂದ್ಕಂಡ್ರಿ? ಬಾಯಿ ಸುಡೋದನ್ನ ಬಳ್ದು ಕಳಿಸ್ತಾರಾ ಬಸುರಿಗೆ?”

ಮಾತಿಗೆ ಎದ್ದು ಬಂದ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಬುಟ್ಟಿಯನ್ನು ನೋಡಿದಳು. ಸುಣ್ಣ ಹೋಗಬೇಕಾದರೆ ಇಡೀ ಬುಟ್ಟಿ ತೊಳೆಯಬೇಕು, ಹೊಸದಾಗಿ ಸಗಣಿ ಬಳಿದು ಕೆಮ್ಮಣ್ಣು ಸವರಬೇಕು. ಅವಳ ಒಂಬತ್ತು ದಿನದ ಎಳೆಗಳೂ ಅದರ ಜೊತೆಗೇ ಹೋಗಬೇಕು. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಬೈಯಲೂ ಇಲ್ಲ.

“ನಂಗೆ ಆಗಲ್ಲ ಅಂತ ಊರೆಲ್ಲ ಅಂದಿದ್ರು. ನೀವೊಬ್ರು ಅನ್ನಲ್ಲ ಅಂದ್ಕಂಡಿದ್ದೆ” ಎಂದಳು.

ದಿನಾ ಅವಳ ಎದುರು ಕೂತು ಆಗುತ್ತದೆ, ಆಗುತ್ತದೆ ಎಂದವನು ನಾನೇ. ಕೊನೆಯ ನಾಲ್ಕು ದಿನಕ್ಕೆ ನಂಬಿಕೆ ಬಿಟ್ಟವನೂ ನಾನೇ. ಮಕ್ಕಳು ಓಡುವಾಗ ಗೆರೆಯ ಆಚೆ ನಿಂತು ಕೂಗಬೇಕೇ ಹೊರತು ಒಳಗೆ ನುಗ್ಗಿ ಅವರ ಬದಲು ಓಡಬಾರದು ಎಂದು ಎಷ್ಟು ಜನ ತಂದೆ ತಾಯಿಗಳಿಗೆ ಪಾಠ ಹೇಳಿದ್ದೆನೋ. ನಾಚಿಕೆಯಾಯಿತು.

ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅಮ್ಮಾ, ಕೆಮ್ಮಣ್ಣು ಕಲಸು. ಅಕ್ಕಿ ನಾನೇ ರುಬ್ತೀನಿ” ಎಂದಳು.

ಬುಟ್ಟಿ ಒಣಗಿದ ಮೇಲೆ ಉಳಿದದ್ದು ಮೂರು ದಿನ. ಅವಳು ಬೆಳಿಗ್ಗೆ ಕೂತರೆ ಸಂಜೆಗೆ ಏಳುತ್ತಿದ್ದಳು. ಕೈ ಸೋತಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಎಳೆಯುತ್ತಿದ್ದಳು. ಸಿಟ್ಟಿಗೋ, ಛಲಕ್ಕೋ, ಆ ಒಂಬತ್ತು ದಿನದ ಅಭ್ಯಾಸಕ್ಕೋ ಗೊತ್ತಿಲ್ಲ, ಮೊದಲ ದಿನವೇ ಕಾಲು ಭಾಗ ದಾಟಿತು. ನಾನು ನೀರು ಕೊಡುವುದು, ನೊಣ ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು, ಈ ಮೂರೇ ಕೆಲಸ ಮಾಡಿದೆ. ಮೂರನೆಯದು ಕಷ್ಟವಾಯಿತು.

ಹುಣ್ಣಿಮೆಯ ಹಿಂದಿನ ಸಂಜೆ ಪಕ್ಕದ ಮನೆಯವರೊಬ್ಬರು ನೋಡಲು ಬಂದರು. “ಚಂದ ಬಂದಿದೆ, ಎಳೆ ಒಂಚೂರು ನಡುಗಿದೆ ಅಲ್ದಾ?” ಎಂದರು.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತದೆ ಹೇಳಿದರು: “ಗಾಳಿ ಬಂದಾಗ ಗದ್ದೇಲಿ ಪೈರೂ ನಡುಗ್ತದೆ. ಹಂಗಂತ ಅದು ಪೈರಲ್ಲ ಅಂತೀಯಾ?”

ಆಕೆ ಹೋದ ಮೇಲೆ ಗಿರಿಜಾ ಬುಟ್ಟಿಯನ್ನು ನನ್ನ ಕಡೆ ತಿರುಗಿಸಿದಳು. ಒಂದು ಏಣಿಯ ಮಗ್ಗುಲಲ್ಲಿ ಬೆರಳುದ್ದದ ಜಾಗ ಕೆಂಪಗೆ ಉಳಿದಿತ್ತು. ಹಸಿರು ಗ್ರಿಪ್ಪಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ನನ್ನ ಕೈಗಿಟ್ಟು, “ಇದು ನಿಮ್ದು. ದಾರ ಇಲ್ದೆ ಎಳೀರಿ” ಎಂದಳು. ಎಳೆದೆ. ಹೇಗೆ ಬಂತೆಂದು ನಿಮಗೆ ಹೇಳಬೇಕಾಗಿಲ್ಲ. ಕುಂಚವನ್ನು ಅವಳಿಗೆ ವಾಪಸು ಚಾಚಿದೆ, ದಿನವೂ ಮಾಡುವ ಹಾಗೆ ಅವಳು ತಿದ್ದಲಿ ಎಂದು. ಅವಳು ಅದನ್ನು ತೆಗೆದುಕೊಂಡು ನೀರಿನಲ್ಲಿ ತೊಳೆದು ಒಣಗಲು ಇಟ್ಟಳು.

ಮರುದಿನ ಪೂರ್ತಿ ಬೆಳಕಾಗುವ ಮೊದಲೇ ನಾನು ಬುಟ್ಟಿ ತಲೆಗೇರಿಸಿ ಗದ್ದೆಯ ಬದುವಿಗೆ ಇಳಿದೆ. ಹಿಂದೆ ಗಿರಿಜಾ, ಅವಳ ಭುಜ ಹಿಡಿದು ಅತ್ತೆ. ಗಿರಿಜಾ ಟಾರ್ಚ್ ಹಿಡಿದಿದ್ದಳು, ಬಲಗೈಯಲ್ಲಿ. ಬೆಳಕು ಸ್ವಲ್ಪ ಸ್ವಲ್ಪ ನಡುಗುತ್ತ ನನ್ನ ಕಾಲ ಮುಂದೆ ಬೀಳುತ್ತಿತ್ತು. ಒಮ್ಮೆ ಅದು ಮೇಲೇರಿ ಬುಟ್ಟಿಯ ಹಿಂಬದಿಗೆ ಬಿದ್ದಿರಬೇಕು, ಗಿರಿಜಾ ಕಿಸಕ್ಕನೆ ನಕ್ಕಳು. “ಎಂತ?” ಎಂದು ಅತ್ತೆ ಕೇಳಿದರು.

“ಇವ್ರ ಎಳೆ ಅಮ್ಮ. ಹಿಂದಕ್ಕೇ ಬಂದಿದೆ.”

“ಹೌದಾ? ಅಳಿಯಂದ್ರೇ, ಬುಟ್ಟಿ ತಿರುಗ್ಸಿ ಇಟ್ಕಳಿ. ಹಿಂದೆ ಬರೋರಿಗೆ ಸೊಟ್ಟ ಕಾಣ್ತದೆ.”

ನಾನು ನಿಂತು ಬುಟ್ಟಿಗೆ ಕೈ ಹಾಕಿದೆ.

“ತಿರುಗ್ಸಬ್ಯಾಡಿ” ಎಂದಳು ಗಿರಿಜಾ. “ಹಂಗೇ ಇರ್ಲಿ ಅಮ್ಮ, ಕಣ್ಣಿಗೆ ಕಾಣ್ತಾ ಇರ್ಲಿ. ದಿನಾ ಇವ್ರ ಸೊಟ್ಟ ಎಳೆ ನೋಡೀನೇ ನಂಗೆ ಕೈ ಬಂದಿದ್ದು.”

ಕೈ ಕೆಳಗಿಳಿಸಿದೆ. ಬೆನ್ನು ನೆಟ್ಟಗೆ ಮಾಡಿದೆ, ಎದೆ ಮುಂದೆ ತಂದೆ, ಮತ್ತೆ ನಡೆಯತೊಡಗಿದೆ. ಸ್ವಾತಂತ್ರ್ಯ ದಿನದ ಯಾವ ಪರೇಡಿನಲ್ಲೂ ನಾನು ಅಷ್ಟು ನೆಟ್ಟಗೆ ನಡೆದವನಲ್ಲ.